1986ರ ಮಿಕ್ಸಿಗೆ ಮುನ್ನೂರು ರೂಪಾಯಿ!

ದಸರಾ ಬಂತೆಂದರೆ ಮೈಸೂರಿನಲ್ಲಿ ಎರಡು ಮೆರವಣಿಗೆ ಹೊರಡುತ್ತವೆ. ಒಂದು ಜಂಬೂಸವಾರಿ. ಅದನ್ನು ನೋಡಲು ಊರೂರಿಂದ ಜನ ಬರುತ್ತಾರೆ. ಇನ್ನೊಂದನ್ನು ಯಾರೂ ನಿಂತು ನೋಡುವುದಿಲ್ಲ. ಅದು ಹಳೇ ಮಿಕ್ಸಿ, ಹಳೇ ಕುಕ್ಕರ್, ಹಳೇ ಫ್ಯಾನುಗಳ ಮೆರವಣಿಗೆ. ಆಟೋದಲ್ಲಿ ಮಡಿಲ ಮೇಲೆ ಕೂತು, ಸ್ಕೂಟರಿನ ಮುಂದೆ ಕಾಲ ನಡುವೆ ನಿಂತು, 'ಹಳೆಯದು ಕೊಡಿ, ಹೊಸದು ಒಯ್ಯಿರಿ' ಅನ್ನುವ ಎಕ್ಸ್‌ಚೇಂಜ್ ಮೇಳದ ಶಾಮಿಯಾನದ ಕಡೆ ಅವು ಹೊರಡುತ್ತವೆ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಯಂತ್ರ ದೀಪಾವಳಿಯ ಹೊತ್ತಿಗೆ ಗುಜರಿ ಪಾಲು!

ಕಳೆದ ದಸರೆಯಲ್ಲಿ ಈ ಮೆರವಣಿಗೆಗೆ ನಮ್ಮ ಮನೆಯ ಮಿಕ್ಸಿಯೂ ಹೊರಟಿತ್ತು. ನಮ್ಮ ಅತ್ತಿಗೆ ಅದನ್ನು ಕೊಂಡದ್ದು 1986ರಲ್ಲಿ, ಚೀಟಿ ಎತ್ತಿದ ದುಡ್ಡಿನಲ್ಲಿ. ಅಂದಿನಿಂದ ದಿನಾ ಬೆಳಗ್ಗೆ ಚಟ್ನಿ, ಮಧ್ಯಾಹ್ನ ಹುಳಿಪುಡಿ, ಮದುವೆ ಮುಂಜಿ ಬಂದರೆ ಅಕ್ಕಪಕ್ಕದ ಮನೆಯವರ ಮಸಾಲೆ ಎಲ್ಲಾ ಅದರಲ್ಲೇ. ನವರಾತ್ರಿಯ ಹೊತ್ತಿಗೆ ಅದು ಕೈಕೊಟ್ಟಿತು. ಮೋಟಾರು ಗುರ್ ಅನ್ನುತ್ತದೆ, ಜಾರಿನೊಳಗೆ ಬ್ಲೇಡು ಮಾತ್ರ ಅಲ್ಲಾಡುವುದಿಲ್ಲ. 'ಇದರ ಆಯಸ್ಸು ಮುಗೀತು' ಅಂತ ಅತ್ತಿಗೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಮೇಳಕ್ಕೆ ಹೋದರು.

"ಇದಕ್ಕೆ ಎಷ್ಟು ಕೊಡ್ತೀಯಪ್ಪ?"

"ಮುನ್ನೂರು, ಮೇಡಂ."

"ಮೋಟ್ರು ಚೆನ್ನಾಗಿದೆ ಕಣಪ್ಪ, ಒಂದ್ಸಲ ಹಾಕಿ ನೋಡು."

"ಓಡಿದ್ರೂ ಮುನ್ನೂರು, ಓಡದಿದ್ರೂ ಮುನ್ನೂರು ಮೇಡಂ. ನಾವು ನೋಡೋದೇ ಇಲ್ಲ. ಸೀದಾ ಗುಜರಿಗೆ ಹಾಕ್ತೀವಿ."

ಆ ಹುಡುಗ ಸುಳ್ಳು ಹೇಳಲಿಲ್ಲ, ಪಾಪ. ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಆದರೆ ಆ ಮಾತು ಅತ್ತಿಗೆಗೆ ನಾಟಿತು. ಇಷ್ಟು ವರ್ಷ ಮನೆ ನಡೆಸಿದ ಯಂತ್ರವನ್ನು ತಿರುಗಿಸಿ ನೋಡುವುದೂ ಬೇಡವೇ? ಮಿಕ್ಸಿಯನ್ನು ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ಬಂದುಬಿಟ್ಟರು.

ಹತ್ತು ನಿಮಿಷದ ಕೆಲಸ

ಮಾರನೆಯ ದಿನ ಅದನ್ನು ಎತ್ತಿಕೊಂಡು ಶಿವರಾಂಪೇಟೆ ಕಡೆಯ ಒಂದು ಓಣಿಗೆ ಹೋದೆವು. ಅಲ್ಲೊಂದು ರಿಪೇರಿ ಅಂಗಡಿ. ಅಗಲ ಆರಡಿ. ಗೋಡೆ ತುಂಬಾ ಫ್ಯಾನಿನ ರೆಕ್ಕೆ, ಮಿಕ್ಸಿ ಜಾರು, ಕುಕ್ಕರ್ ಹಿಡಿ. ಯಜಮಾನರಿಗೆ ಎಪ್ಪತ್ತರ ಹತ್ತಿರ. ಕನ್ನಡಕವನ್ನು ಹಣೆಗೇರಿಸಿ, ಮಿಕ್ಸಿಯನ್ನು ಬೋರಲು ಹಾಕಿ, ತಳದ ನಾಲ್ಕು ಸ್ಕ್ರೂ ಬಿಚ್ಚಿದರು.

"ಅಕ್ಕಾ, ಇದಕ್ಕೆ ಏನೂ ಆಗಿಲ್ಲ. ಮೇಲಿನ ಕಪ್ಲರ್ ಹಲ್ಲು ಸವೆದಿದೆ. ಕಾರ್ಬನ್ನೂ ಮುಗಿದಿದೆ. ಮೋಟ್ರು ನೋಡಿ, ತಾಮ್ರ ಹೇಗೆ ಹೊಳೀತಿದೆ. ಇಂಥಾ ವೈಂಡಿಂಗ್ ಈಗ ಎಲ್ಲಿ ಬರುತ್ತೆ ಹೇಳಿ."

ಹತ್ತು ನಿಮಿಷ. ಹೊಸ ಕಪ್ಲರ್, ಒಂದು ಜೊತೆ ಕಾರ್ಬನ್, ಎರಡು ತೊಟ್ಟು ಎಣ್ಣೆ. ಕೂಲಿ ಸೇರಿ 180 ರೂಪಾಯಿ. ಮೇಳದವರು ಕೊಡುತ್ತೇವೆಂದ ಮುನ್ನೂರಕ್ಕಿಂತ ಕಡಿಮೆ! ಆವತ್ತು ಸಂಜೆಯೇ ಮನೆಯಲ್ಲಿ ಕಾಯಿ ಚಟ್ನಿ.

ಕೆಡಲೆಂದೇ ಇಟ್ಟ ಭಾಗ

ಓದುಗರು ಇಲ್ಲಿ ಒಂದು ಗುಟ್ಟು ತಿಳಿಯಬೇಕು. ಮಿಕ್ಸಿಯಲ್ಲಿ ಕಪ್ಲರ್ ಅನ್ನುವುದು ಕೆಡಲೆಂದೇ ಇಟ್ಟ ಭಾಗ. ಮೋಟಾರಿನ ಕಂಬಿಗೂ ಜಾರಿಗೂ ನಡುವೆ ಕೂರುವ ರಬ್ಬರಿನದೋ ನೈಲಾನಿನದೋ ಹಲ್ಲಿನ ಚಕ್ರ ಅದು. ಜಾರಿನಲ್ಲಿ ಒಣ ಅರಿಶಿನದ ಕೊಂಬು ಸಿಕ್ಕಿಕೊಂಡು ಬ್ಲೇಡು ನಿಂತುಹೋದರೆ ಮೊದಲು ಹರಿಯಬೇಕಾದ್ದು ಈ ಅಗ್ಗದ ಚಕ್ರ, ದುಬಾರಿಯ ಮೋಟಾರಲ್ಲ. ಮನೆಯ ಕರೆಂಟಿಗೆ ಫ್ಯೂಸ್ ಹೇಗೋ ಹಾಗೆ.

ಕಾರ್ಬನ್ನೂ ಅಷ್ಟೇ. ಮೋಟಾರಿನ ಎರಡು ಬದಿಗೆ ಪೆನ್ಸಿಲ್ ಸೀಸದಂಥ ಎರಡು ಕರೀ ತುಂಡು. ಹಿಂದಿನಿಂದ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ತಿರುಗುವ ಭಾಗಕ್ಕೆ ಕರೆಂಟು ಹೋಗುವುದು ಇವುಗಳಿಂದ. ಉಜ್ಜಿ ಉಜ್ಜಿ ಸವೆಯುವುದೇ ಅವುಗಳ ಕೆಲಸ. ಸವೆದಾಗ ಒಳಗೆ ಕಿಡಿ ಜಾಸ್ತಿ ಕಾಣುತ್ತದೆ, ಮಿಕ್ಸಿ ಬಿಟ್ಟು ಬಿಟ್ಟು ಓಡುತ್ತದೆ. ಆಗ ಬದಲಾಯಿಸಬೇಕು. ಬದಲಾಯಿಸದೆ ಹಾಗೇ ಓಡಿಸಿದರೆ ಏಟು ಬೀಳುವುದು ಮೋಟಾರಿಗೆ. ಎಷ್ಟೋ ಮಿಕ್ಸಿಗಳ ತಳದಲ್ಲಿ ಒಂದು ಗುಂಡಿಯೂ ಇರುತ್ತದೆ. ಭಾರ ಹೆಚ್ಚಾದರೆ ತಾನೇ ಹೊರಕ್ಕೆ ಬಂದು ಕರೆಂಟು ಕಡಿಯುತ್ತದೆ. ಒಂದಿಷ್ಟು ಆರಲು ಬಿಟ್ಟು ಅದನ್ನು ಒತ್ತಿದರೆ ಮತ್ತೆ ಓಡುತ್ತದೆ. ಇದು ತಿಳಿಯದೆ ಮಿಕ್ಸಿ ಸತ್ತಿತೆಂದು ಗುಜರಿಗೆ ಹಾಕಿದವರೂ ನಮ್ಮ ನಡುವೆ ಇದ್ದಾರೆ.

ಇಷ್ಟಕ್ಕೂ ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ರಿಪೇರಿಯ ಸಂಕಟದಿಂದ. ಬೊಂಬಾಯಿಯ ಮಾಧುರಿ ಮಾಥುರ್ ಅನ್ನುವ ಗೃಹಿಣಿಯ ಬಳಿ ಜರ್ಮನಿಯ ಒಂದು ಮಿಕ್ಸರ್ ಇತ್ತು. ಹಣ್ಣಿನ ರಸ, ಕೇಕಿನ ಹಿಟ್ಟಿಗೆಂದು ಮಾಡಿದ ಯಂತ್ರ ಅದು. ನಮ್ಮ ಮಸಾಲೆಗೆ ತಡೆಯದೆ ಕೆಟ್ಟಿತು. ಇಲ್ಲಿ ಅದನ್ನು ಸರಿಮಾಡುವವರೇ ಸಿಗಲಿಲ್ಲ. ಆಕೆಯ ಗಂಡ ಸತ್ಯಪ್ರಕಾಶ ಮಾಥುರ್ ಇಂಜಿನಿಯರು, ಸೀಮೆನ್ಸ್ ಕಂಪನಿಯಲ್ಲಿದ್ದವರು. ನಮ್ಮ ಅಡುಗೆಮನೆಗೆ ತಡೆಯುವ ಗಟ್ಟಿ ಮೋಟಾರಿನ ಮಿಕ್ಸಿಯನ್ನು ತಾವೇ ಮಾಡಿದರು. 1963ರಲ್ಲಿ ಹೀಗೆ ಹುಟ್ಟಿದ್ದೇ 'ಸುಮೀತ್'. ದಕ್ಷಿಣದ ಮನೆಗಳಲ್ಲಿ ಎಷ್ಟೋ ಕಾಲ ಮಿಕ್ಸಿಗೆ ಸುಮೀತ್ ಅಂತಲೇ ಹೆಸರಾಗಿತ್ತು. ಕೆಟ್ಟರೆ ಸರಿಮಾಡಬಹುದು ಅನ್ನುವ ಧೈರ್ಯ ಬಂದ ಮೇಲಲ್ಲವೇ ನಮ್ಮ ಅಜ್ಜಿಯರು ಒರಳುಕಲ್ಲು ಬಿಟ್ಟು ಎದ್ದದ್ದು?

ರುಬ್ಬುವ ಗ್ರೈಂಡರಿನದೂ ಇದೇ ಕತೆ. ಕೊಯಮತ್ತೂರಿನ ಆ ಯಂತ್ರದಲ್ಲಿ ಇರುವುದಾದರೂ ಏನು? ಒಂದು ಮೋಟಾರು, ಒಂದು ಬೆಲ್ಟು, ಕಲ್ಲು. ಬೆಲ್ಟು ಸಡಿಲವಾದರೆ ಬದಲಾಯಿಸಿ. ಕಲ್ಲು ನುಣುಪಾಗಿ ಹಿಟ್ಟು ನುರಿಯದಿದ್ದರೆ ಕಲ್ಲು ಕುಟ್ಟುವವರಿಗೆ ಕೊಡಿ. ಅವರು ಉಳಿ ಹಿಡಿದು ಕೂತರೆಂದರೆ ಮತ್ತೆ ಹೊಸ ಗ್ರೈಂಡರು.

ಕುಕ್ಕರಿನ ಜಾತಕ

ಬಾಳಿಕೆಯಲ್ಲಿ ಮೊದಲ ಬಹುಮಾನ ಕೊಡುವುದಾದರೆ ಅದು ಪ್ರೆಷರ್ ಕುಕ್ಕರಿಗೆ. ಒಳಗೆ ಮೋಟಾರಿಲ್ಲ, ವೈರಿಲ್ಲ, ತಿರುಗುವ ಭಾಗವೇ ಇಲ್ಲ. ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. 700 ಮೀಟರಿಗೂ ಎತ್ತರದಲ್ಲಿರುವ ನಮ್ಮ ಮೈಸೂರಿನಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಗೇ ಕುದಿ ಬರುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ಇನ್ನೂ ತಡ. ಕುಕ್ಕರಿನೊಳಗೆ ಹಬೆಯನ್ನು ಹಿಡಿದಿಟ್ಟರೆ ಒತ್ತಡ ಏರಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಒತ್ತಡ ಅಳತೆ ಮೀರಿದಾಗ ಮೇಲಿನ ವೆಯ್ಟು ಎದ್ದು ಹಬೆ ಬಿಡುತ್ತದೆ. ಅದೇ ಕೂಗು.

ಇದರಲ್ಲಿ ಕೆಡುವುದು ಮೂರೋ ನಾಲ್ಕೋ ಸಾಮಾನು. ಗ್ಯಾಸ್ಕೆಟ್ ಕಾಲಕ್ಕೆ ಗಡುಸಾಗಿ ಪಕ್ಕದಲ್ಲಿ ಹಬೆ ಸೋರುತ್ತದೆ. ಹಿಡಿಯ ಸ್ಕ್ರೂ ಸಡಿಲವಾಗುತ್ತದೆ. ಬೇಳೆಯ ನೊರೆ ಏರಿ ವೆಯ್ಟು ಕೂರುವ ಕೊಳವೆ ಕಟ್ಟಿಕೊಳ್ಳುತ್ತದೆ. ಒಲೆಗೆ ಇಡುವ ಮುಂಚೆ ಮುಚ್ಚಳವನ್ನು ಬೆಳಕಿಗೆ ಹಿಡಿದು ಆ ತೂತಿನಲ್ಲಿ ಕಣ್ಣಿಟ್ಟು ನೋಡುವುದು ನಮ್ಮ ತಾಯಂದಿರ ಅಭ್ಯಾಸವಾಗಿತ್ತು. ಅದು ಒಣ ಶಾಸ್ತ್ರವಲ್ಲ, ಜೀವ ಉಳಿಸುವ ಅಭ್ಯಾಸ.

ನಾಲ್ಕನೆಯದು ಸೇಫ್ಟಿ ವಾಲ್ವು. ನೀರು ಆರಿಹೋಗಿಯೋ ಕೊಳವೆ ಕಟ್ಟಿಯೋ ಬಿಸಿ ಮಿತಿ ಮೀರಿದರೆ ಅದರೊಳಗಿನ ಮೆದು ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ. ಇದರ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡಿ. ಕರಗಿದ ವಾಲ್ವಿನ ತೂತಿಗೆ ಸಿಕ್ಕಿದ್ದನ್ನು ತುರುಕಿ ಕೂಗಿಸುವುದೂ ಒಂದೇ, ಅಡುಗೆಮನೆಯಲ್ಲಿ ಬಾಂಬ್ ಇಡುವುದೂ ಒಂದೇ. ನಿಮ್ಮ ಕುಕ್ಕರ್ ಯಾವ ಕಂಪನಿಯದೋ ಅದೇ ಕಂಪನಿಯ ವಾಲ್ವು ಕೇಳಿ ಪಡೆಯಿರಿ. ತಳ ಉಬ್ಬಿದ, ಅಂಚು ಸೊಟ್ಟಗಾದ ಕುಕ್ಕರಿಗೆ ಎಷ್ಟೇ ನಂಟಿದ್ದರೂ ನಮಸ್ಕಾರ ಹೇಳಿ ಕಳಿಸಿಬಿಡಿ.

ಹೊಸದು ಕೊಳ್ಳುವವರಿಗೂ ಒಂದು ಮಾತು. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಐಎಸ್ಐ ಗುರುತು ಕಡ್ಡಾಯ. ಗುರುತಿಲ್ಲದ ಕುಕ್ಕರ್ ಮಾರಿಸಿದ್ದಕ್ಕಾಗಿ ಆನ್‌ಲೈನ್ ವ್ಯಾಪಾರದ ದೊಡ್ಡ ದೊಡ್ಡ ಸಂಸ್ಥೆಗಳಿಗೇ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಂಡ ಹಾಕಿದೆ. ಅಗ್ಗವೆಂದು ಮೋಸಹೋಗಬೇಡಿ.

ಹಳೇದೆಲ್ಲಾ ಚಿನ್ನವಲ್ಲ

'ಹಳೇ ಕಾಲದ್ದೆಲ್ಲಾ ಗಟ್ಟಿ, ಹೊಸದೆಲ್ಲಾ ಲಡ್ಡು' ಅಂತ ಬೊಬ್ಬೆ ಹಾಕುವುದು ಈ ಅಂಕಣದ ಉದ್ದೇಶವಲ್ಲ. ಹಳೆಯ ಕಾಲದಲ್ಲೂ ಕಳಪೆ ಸಾಮಾನು ಬೇಕಾದಷ್ಟು ಇತ್ತು. ಅವೆಲ್ಲಾ ಯಾವಾಗಲೋ ಗುಜರಿಗೆ ಹೋಗಿ ಕರಗಿವೆ. ಗಟ್ಟಿಯಿದ್ದದ್ದು ಮಾತ್ರ ನಮ್ಮ ಕಣ್ಣೆದುರು ಉಳಿದಿದೆ. ಅಷ್ಟರಿಂದಲೇ ಆ ಕಾಲಕ್ಕೆ ಪೂರಾ ಸರ್ಟಿಫಿಕೇಟು ಕೊಡಲು ಬರುವುದಿಲ್ಲ.

ಫ್ಯಾನಿನ ಲೆಕ್ಕ ನೋಡಿ. ಹಳೇ ಸೀಲಿಂಗ್ ಫ್ಯಾನು ನಿಧಾನವಾಯಿತೆಂದರೆ ಹತ್ತರಲ್ಲಿ ಎಂಟು ಸಲ ಅದರ ಕೆಪಾಸಿಟರ್ ಸೊರಗಿರುತ್ತದೆ ಅನ್ನುತ್ತಾರೆ ನಮ್ಮ ಯಜಮಾನರು. ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ಡಿನದು. ಒಂದು ಹೋಟೆಲ್ ಊಟದ ದುಡ್ಡೂ ಬೇಡ. ಕಿರ್ ಕಿರ್ ಸದ್ದು ಬಂದರೆ ಬೇರಿಂಗ್. ಅದೂ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಿಗುವ ಸಾಮಾನು. ಹೀಗೆ ಒಂದು ಫ್ಯಾನನ್ನು ನಲವತ್ತು ವರ್ಷ ಓಡಿಸಬಹುದು.

ಆದರೆ ಕರೆಂಟು? ಆ ಫ್ಯಾನು 75 ವಾಟ್ ತಿನ್ನುತ್ತದೆ ಅನ್ನಿ. ದಿನಕ್ಕೆ ಹತ್ತು ಗಂಟೆ ಓಡಿದರೆ ವರ್ಷಕ್ಕೆ ಸುಮಾರು 274 ಯೂನಿಟ್. ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ಅದಕ್ಕೆ ವರ್ಷಕ್ಕೆ 110 ಯೂನಿಟ್ ಸಾಕು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಒಂದು ಫ್ಯಾನಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಹತ್ತಿರ ಉಳಿತಾಯ. ಗೃಹಜ್ಯೋತಿಯ ಮಿತಿಯೊಳಗೆ ಇರುವವರಿಗೆ ಇದು ಬಿಲ್ಲಿನಲ್ಲಿ ಕಾಣದು. ಮಿತಿ ದಾಟುವವರಿಗೆ ಚೆನ್ನಾಗಿಯೇ ಕಾಣುತ್ತದೆ. ದಿನವಿಡೀ ಓಡುವ ಫ್ಯಾನಿಗೆ ಹೊಸದು ಲಾಭ. ಅತಿಥಿ ಬಂದಾಗ ಮಾತ್ರ ಓಡುವ ಕೋಣೆಯ ಫ್ಯಾನಿಗೆ ಹಳೆಯದೇ ಲಾಭ. ಮಿಕ್ಸಿ ಹೇಗೂ ದಿನಕ್ಕೆ ಐದು ಹತ್ತು ನಿಮಿಷ ಓಡುವ ಯಂತ್ರ. ಹಳೆಯದಾದರೂ ಕರೆಂಟಿನ ಲೆಕ್ಕದಲ್ಲಿ ನಷ್ಟವೇನೂ ಇಲ್ಲ.

ಈ ಹೊಸ ಫ್ಯಾನಿಗೂ ಒಂದು ಕೊಕ್ಕೆ ಇದೆ. ಇದರ ಜೀವ ಇರುವುದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ. ಬೋರ್ಡು ಹೋದರೆ ಕೆಪಾಸಿಟರ್ ಬದಲಾಯಿಸಿದಷ್ಟು ಸುಲಭವಲ್ಲ. ಅದೇ ಬೋರ್ಡು ಸಿಗಬೇಕು. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ: ಬಿಡಿಭಾಗ ಕೊಡುವವರು ಯಾರು, ಎಷ್ಟು ವರ್ಷ ಕೊಡುತ್ತಾರೆ?

ಯಜಮಾನರ ಷಟರ್

ಆವತ್ತು ಮಿಕ್ಸಿ ಕಟ್ಟಿ ಕೊಡುವಾಗ ಯಜಮಾನರು ಇನ್ನೊಂದು ಮಾತು ಹೇಳಿದರು. ಅತ್ತಿಗೆ ಖುಷಿಯಿಂದ "ಅಣ್ಣಾ, ಇನ್ನೆಷ್ಟು ವರ್ಷ ಬರಬೌದು ಇದು?" ಅಂದಿದ್ದರು.

"ಮಿಕ್ಸಿ ಬರುತ್ತೆ ಅಕ್ಕಾ, ಯೋಚನೆ ಬೇಡ. ನಾನು ಎಷ್ಟು ವರ್ಷ ಬರ್ತೀನೋ ಅದನ್ನ ಕೇಳಿ."

ಅವರ ಮಗ ಆನ್‌ಲೈನ್ ಕಂಪನಿಯೊಂದಕ್ಕೆ ಪಾರ್ಸೆಲ್ ಹಂಚುವ ಕೆಲಸದಲ್ಲಿದ್ದಾನೆ. ಅಪ್ಪ ಹಳೇ ಮಿಕ್ಸಿಗೆ ಜೀವ ಕೊಡುತ್ತಾರೆ, ಮಗ ಹೊಸ ಮಿಕ್ಸಿಯ ಡಬ್ಬ ಮನೆಮನೆಗೆ ಮುಟ್ಟಿಸುತ್ತಾನೆ. ಮಗನನ್ನು ಅವರು ದೂರಲಿಲ್ಲ. "ಇಲ್ಲಿ ಕೂತ್ರೆ ಅವನಿಗೇನು ಸಿಗುತ್ತೆ ಸಾರ್? ಈಗಿನ ಮಾಲು ನೋಡಿ" ಎಂದು ಒಂದು ಯಂತ್ರ ತೋರಿಸಿದರು. ತಳದಲ್ಲಿ ಸ್ಕ್ರೂವೇ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ. "ಬಿಚ್ಚಬೇಕು ಅಂದ್ರೆ ಒಡೀಬೇಕು. ಒಡೆದ್ ಮೇಲೆ ರಿಪೇರಿ ಏನು ಮಾಡ್ಲಿ? ಇನ್ನೊಂದಕ್ಕೆ ಸ್ಕ್ರೂ ಇದೆ, ಸ್ಪೇರ್ ಇಲ್ಲ. ಕಂಪನಿಯೋರು ಎರಡು ವರ್ಷಕ್ಕೆ ಮಾಡಲ್ ನಿಲ್ಲಿಸಿಬಿಟ್ರು. ಗಿರಾಕಿ ನನ್ನನ್ನ ಬೈದು ಹೋಗ್ತಾರೆ."

ಇಲ್ಲಿದೆ ನೋಡಿ ಅಸಲು ವಿಷಯ. ಬಾಳಿಕೆ ಅನ್ನುವುದು ಯಂತ್ರದೊಳಗೆ ಮಾತ್ರ ಇರುವುದಿಲ್ಲ. ಬಿಚ್ಚಲು ಬರುವ ಯಂತ್ರ, ಅಂಗಡಿಯಲ್ಲಿ ಸಿಗುವ ಬಿಡಿಭಾಗ, ಊರಿನಲ್ಲೊಬ್ಬ ತಿಳಿದ ಕೈ ಈ ಮೂರೂ ಸೇರಿದರೆ ಬಾಳಿಕೆ. ಮೂರರಲ್ಲಿ ಒಂದು ಹೋದರೂ ಎಷ್ಟು ದೊಡ್ಡ ಕಂಪನಿಯ ಮಾಲಾದರೂ ಗ್ಯಾರಂಟಿ ಕಾರ್ಡಿನಷ್ಟೇ ಅದರ ಆಯಸ್ಸು. ಆ ಓಣಿಯ ಷಟರ್ ಶಾಶ್ವತವಾಗಿ ಇಳಿದ ದಿನ ನಮ್ಮ ಮಿಕ್ಸಿಯ ಬೆಲೆ ನಿಜವಾಗಿಯೂ ಮುನ್ನೂರು ರೂಪಾಯಿಯೇ!

ಕಾನೂನು ಏನನ್ನುತ್ತದೆ?

ತಮಾಷೆ ನೋಡಿ. ಅತ್ತಿಗೆ ಮಿಕ್ಸಿ ಕೊಂಡ 1986ರಲ್ಲೇ, ಡಿಸೆಂಬರ್ 24ರಂದು, ನಮ್ಮ ದೇಶದ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಹುಟ್ಟಿತು. ಈಗ ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕಳಪೆ ಮಾಲು, ಕಳಪೆ ಸೇವೆಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೂ ಇಲ್ಲ. ಫೋನಿನಲ್ಲಿ ಕೇಳುವವರಿಗೆ ರಾಷ್ಟ್ರೀಯ ಸಹಾಯವಾಣಿ 1915.

ಆದರೆ 'ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕು' ಅನ್ನುವ ಗಟ್ಟಿ ಮಾತು ಆ ಕಾಯ್ದೆಯಲ್ಲಿಲ್ಲ. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ಸಮಿತಿ ನೇಮಿಸಿತು. ಮನೆಬಳಕೆಯ ಯಂತ್ರಗಳೂ ಅದರ ಪಟ್ಟಿಯಲ್ಲಿವೆ. ಅದೇ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಜಾಲತಾಣವನ್ನೂ ತೆರೆದರು. ಒಳ್ಳೆಯ ಹೆಜ್ಜೆಯೇ. ಆದರೆ ಯುರೋಪಿನವರು ಇನ್ನೂ ಮುಂದೆ ಹೋಗಿದ್ದಾರೆ. 2021ರ ಮಾರ್ಚಿನಿಂದ ಅಲ್ಲಿ ಮಾರುವ ಬಟ್ಟೆ ಒಗೆಯುವ ಯಂತ್ರಗಳಿಗೆ ಮುಖ್ಯ ಬಿಡಿಭಾಗಗಳನ್ನು 10 ವರ್ಷ, ಫ್ರಿಜ್ಜಿಗೆ 7 ವರ್ಷ ಒದಗಿಸಲೇಬೇಕು. ಅಲ್ಲಿ ಆಗುವುದು ಇಲ್ಲಿ ಯಾಕಾಗದು? ರಿಪೇರಿಯಲ್ಲಿ ಅವರಿಗೆ ಪಾಠ ಹೇಳಿಕೊಡುವಷ್ಟು ಕಸುಬುದಾರರು ನಮ್ಮ ಓಣಿಗಳಲ್ಲೇ ಕೂತಿದ್ದಾರೆ.

ಕೊಳ್ಳುವ ಮುಂಚೆ ಕೇಳಿ

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಈ ಸಲ ಅಂಗಡಿಗೆ ಹೋದಾಗ ಬಣ್ಣ, ಡಿಸ್ಕೌಂಟು ನೋಡುವ ಮುಂಚೆ ಯಂತ್ರವನ್ನು ಬೋರಲು ಹಾಕಿ ನೋಡಿ. ಸ್ಕ್ರೂ ಇದೆಯೇ, ಅಂಟು ಹಾಕಿದ್ದಾರೆಯೇ? ಕಪ್ಲರ್, ಕಾರ್ಬನ್, ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ ಅಂತ ಕೇಳಿ. 'ಸಿಗುತ್ತೆ ಸಾರ್' ಅಂದರೆ 'ಎಲ್ಲಿ, ಒಂದು ತೋರಿಸಪ್ಪ' ಅನ್ನಿ. ಸರ್ವಿಸ್ ಸೆಂಟರ್ ಮೈಸೂರಿನಲ್ಲೇ ಇದೆಯೇ, ಬೆಂಗಳೂರಿಗೆ ಕಳಿಸಬೇಕೇ? ಮೋಟಾರಿಗೆ ಎಷ್ಟು ವರ್ಷ ಗ್ಯಾರಂಟಿ, ಬಾಕಿ ಸಾಮಾನಿಗೆ ಎಷ್ಟು? ಬಿಲ್ಲು ಪಡೆದು ಜೋಪಾನ ಮಾಡಿ. ಎಲ್ಲಕ್ಕಿಂತ ಮುಖ್ಯ, ಕೊಳ್ಳುವ ಮುಂಚೆ ನಿಮ್ಮ ಬೀದಿಯ ರಿಪೇರಿಯವರನ್ನು ಒಂದು ಮಾತು ಕೇಳಿ. ಯಾವ ಮಾಲು ಪದೇಪದೇ ತಮ್ಮ ಅಂಗಡಿಗೆ ಬರುತ್ತದೆ ಅಂತ ಅವರಿಗೆ ಗೊತ್ತಿದ್ದಷ್ಟು ಯಾವ ಜಾಹೀರಾತಿಗೂ ಗೊತ್ತಿರುವುದಿಲ್ಲ.

ಕೊನೆಗೊಂದು ಅಹವಾಲು. ದಸರಾ ವಸ್ತುಪ್ರದರ್ಶನದಲ್ಲಿ ಮಾರುವವರಿಗೆ ಸಾಲು ಸಾಲು ಮಳಿಗೆ. ಸರಿಮಾಡುವವರಿಗೂ ಒಂದೆರಡು ಮಳಿಗೆ ಬಾಡಿಗೆಯಿಲ್ಲದೆ ಕೊಡಬಾರದೇ? ಜನ ತಮ್ಮ ಹಳೇ ಮಿಕ್ಸಿ ತರಲಿ. ಐಟಿಐ ಹುಡುಗರು ಪಕ್ಕದಲ್ಲಿ ಕೂತು ಕೆಲಸ ಕಲಿಯಲಿ. ನಮ್ಮ ಯಜಮಾನರಂಥವರ ಕೈಯ ವಿದ್ಯೆ ಅವರ ಜೊತೆಗೇ ಮುಗಿಯದಿರಲಿ. ವಸ್ತುಪ್ರದರ್ಶನ ಪ್ರಾಧಿಕಾರದವರು, ನಗರಪಾಲಿಕೆಯವರು ದಯವಿಟ್ಟು ಗಮನಿಸಬೇಕು.

ನಮ್ಮ ಮಿಕ್ಸಿ ಓಡುತ್ತಿದೆ. ಅತ್ತಿಗೆ ಮೊನ್ನೆ ಹುಳಿಪುಡಿ ಮಾಡಿ ಒಂದು ಡಬ್ಬಿ ತುಂಬಾ ಆ ಓಣಿಗೂ ಕಳಿಸಿಕೊಟ್ಟರು. ಅವತ್ತಿನ ಮಟ್ಟಿಗೆ ಷಟರ್ ಮೇಲೆಯೇ ಇತ್ತು.